ಮೂರನೆಯ ಊರಿನ ಬಲ

ಸರ್ ತೀರಿಹೋದ ಸುದ್ದಿಯನ್ನು ತಿಕೋಟಾದ ಗೆಳತಿ ಫೋನು ಮಾಡಿ ಹೇಳಿದಳು. ಅಳಲಿಲ್ಲ. "ನಮ್ಮ ಸರ ಹೋದ್ರು ಬೇ," ಅಂದಳು. ಆಮೇಲೆ ಅವಳೇ, "ದವಾಖಾನಿಯೊಳಗೂ ಬಾಯಿ ಸುಮ್ಮನಿರಲಿಲ್ಲಂತ ನೋಡು. ಡಾಕ್ಟರು ನಾಡಿ ಹಿಡದ್ರ ಅವರಿಗೇ ಚೀನಾ, ಅಮೆರಿಕಾ ಅಂತ ಪಾಠ ಸುರು ಮಾಡ್ಯಾರಂತ," ಅಂದಳು. ನಾವಿಬ್ಬರೂ ನಕ್ಕುಬಿಟ್ಟೆವು. ಸತ್ತವರ ಸುದ್ದಿಗೆ ನಗಬಾರದು ಅನ್ನುತ್ತಾರೆ. ಆದರೆ ಅವರನ್ನು ನೆನೆಸಿಕೊಂಡರೆ ನನಗೆ ಮೊದಲು ಬರುವುದು ದುಃಖವಲ್ಲ, ಏನೋ ನಡೆಯಲಿದೆ ಅನ್ನುವ ಸಡಗರ.

ಅದೇ ದಿನ ಹಳೆಯ ದಿನಚರಿಗಳನ್ನು ಅಟ್ಟದಿಂದ ಇಳಿಸಿದೆ. ಸರ್ ಬಗ್ಗೆ ಪುಟಗಟ್ಟಲೆ ಬರೆದಿದ್ದೇನೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ನೋಡಿದರೆ ಅರ್ಧರ್ಧ ಸಾಲುಗಳು. "ಇಂದು ಸರ್ ಬಹಳ ಜೋರು." "ಸರ್ ಅಂಗಿಯ ತುಂಬ ಚಾಕ್‌ಪೀಸಿನ ಪುಡಿ." ಯಾವುದು ಎಂದೂ ಮರೆಯುವುದಿಲ್ಲ ಅನ್ನಿಸುತ್ತದೆಯೋ ಅದನ್ನು ಕಾಲೇಜು ಹುಡುಗಿ ಬರೆದಿಡುವುದೇ ಇಲ್ಲ. ಹಾಗಾಗಿ ಮುಂದೆ ಹೇಳುವುದರಲ್ಲಿ ಹೆಚ್ಚಿನದು ನೆನಪಿನದು. ನೆನಪು ನನ್ನ ವಿಷಯದಲ್ಲಿ ಅಷ್ಟು ಪ್ರಾಮಾಣಿಕವಲ್ಲ. ಹೇಳಿ ಹೇಳಿ ಎಷ್ಟೋ ಮಾತುಗಳನ್ನು ನಾನೇ ತಿದ್ದಿರಬಹುದು.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಅವರು ವಿಜಾಪುರದ ಒಂದು ಕಾಲೇಜಿನಲ್ಲಿ ನಮಗೆ ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಅದರಲ್ಲೂ ದೇಶದೇಶಗಳ ನಡುವೆ ಬಲ ಹೇಗೆ ಹಂಚಿಕೊಂಡಿದೆ ಎಂಬ ಪಾಠ. ಎತ್ತರದ, ಬಡಕಲು ದೇಹ. ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬೋರ್ಡಿನ ಈ ತುದಿಯಲ್ಲಿ ಅಮೆರಿಕ ಬರೆದು, ಆ ತುದಿಗೆ ಓಡಿ ರಷ್ಯಾ ಬರೆದು, ನಡುವೆ ನಿಂತು ಎರಡೂ ಕೈ ಚಾಚಿ, "ಈಗ ನಾ ಯಾರು? ಹೇಳ್ರಿ, ನಾ ಯಾರು?" ಎಂದು ಕೂಗುತ್ತಿದ್ದರು. ಪಕ್ಕದ ಕೋಣೆಯಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದವರು ಬಂದು ಬಾಗಿಲು ಹಾಕಿಕೊಂಡು ಹೋಗುತ್ತಿದ್ದರು.

ಅವರು ಇಬ್ರಾಹಿಂಪುರದಲ್ಲಿ ರೈಲುಹಳಿಯ ಹತ್ತಿರ ಬಾಡಿಗೆ ಕೋಣೆಯಲ್ಲಿದ್ದರು. ಸೈಕಲ್ಲಿನ ಮೇಲೆ ಬರುವಾಗ ರೈಲುಗೇಟು ಹಾಕಿದ್ದರೆ ಅಲ್ಲಿಯೇ ಪಾಠ ಸುರು. ಒಮ್ಮೆ ನಾನೂ ಗೆಳತಿಯೂ ಆ ಕಡೆಯಿಂದ ನಡೆದುಬರುತ್ತ ಸಿಕ್ಕಿಬಿದ್ದೆವು. ಗೇಟಿನ ಮುಂದೆ ಒಂದು ಜೀಪು, ಹತ್ತಿಯ ಚಕ್ಕಡಿ, ಸೈಕಲ್ ಹಿಡಿದ ಸರ್.

"ನೋಡ್ರಿ ಯವ್ವಾ," ಅಂದರು. "ಜೀಪಿನವ ಸಾಹೇಬ. ಚಕ್ಕಡಿಯವ ರೈತ. ನಾ ಮಾಸ್ತರ. ಮೂವರೂ ಒಂದೇ ಕಡಿ ನಿಂತೀವಿ. ಯಾಕ?"

"ಗೇಟ್ ಹಾಕ್ಯಾರಲ್ರಿ," ಅಂದೆ.

"ಯಾರು ಹಾಕ್ಯಾರ? ಗೇಟಿನವ! ಅವಗ ಜೀಪೂ ಅಂಜತೈತಿ. ದೇಶದೊಳಗ ಗೇಟಿನವ ಅದಾನ. ದೇಶದೇಶದ ನಡುವ?" ನಮ್ಮ ಉತ್ತರಕ್ಕೆ ಕಾಯಲಿಲ್ಲ. "ಗೇಟಿನವನ ಇಲ್ಲ! ರೈಲು ಬರತೈತಿ, ಜೀಪೂ ನುಗ್ಗತೈತಿ, ಚಕ್ಕಡಿಯವ ತನ್ನ ಎತ್ತು ತಾನ ಕಾಕೊಬೇಕು. ನಮ್ಮ ಪಾಠ ಪೂರಾ ಇಷ್ಟ!"

ಚಕ್ಕಡಿಯವನು ಇದನ್ನೆಲ್ಲ ಕೇಳಿ, "ಮಾಸ್ತರ, ರೈಲು ಹೋಗಿ ಭಾಳ ಹೊತ್ತಾತು, ಸೈಕಲ್ ಸರಸ್ರಿ," ಅಂದ. ಗೇಟು ತೆರೆದದ್ದು ಸರ್‌ಗೆ ಗೊತ್ತೇ ಆಗಿರಲಿಲ್ಲ.

ತಿಕೋಟಾದ ಗೆಳತಿಯ ಬಾಯಿ ಚುರುಕು. ಜಗತ್ತಿನಲ್ಲಿ ಒಂದೇ ದೊಡ್ಡ ಶಕ್ತಿ ಇದ್ದರೆ ಒಳ್ಳೆಯದೋ, ಎರಡೋ, ಹಲವೋ ಎಂಬ ಪಾಠದ ದಿನ ಸರ್ ಒಲೆಗುಂಡಿನ ಉದಾಹರಣೆ ಕೊಟ್ಟರು. ಒಂದು ಕಲ್ಲಿನ ಮೇಲೆ ಗಡಿಗೆ ನಿಲ್ಲುವುದಿಲ್ಲ, ಎರಡರ ಮೇಲೂ ಹೊಯ್ದಾಡುತ್ತದೆ, ಮೂರಾದರೆ ಗಟ್ಟಿ ಎಂದರು. ಅವಳು ಎದ್ದು ನಿಂತು, "ಸರ, ಮೂರರಾಗ ಒಂದು ಗುಂಡು ಸಣ್ಣದಿದ್ರ ಸಾರು ಪೂರಾ ಆ ಕಡಿ ಚೆಲ್ಲತೈತ್ರಿ. ನೀವು ಒಲಿ ಮುಂದ ಕುಂತಿಲ್ಲ ಕಾಣಸ್ತೈತಿ," ಅಂದಳು. ಕ್ಲಾಸೆಲ್ಲ ನಕ್ಕಿತು. ಸರ್ ಮುಖ ಅರಳಿದ್ದು ಇನ್ನೂ ಕಣ್ಣ ಮುಂದಿದೆ. ಹಣೆ ಬಡಿದುಕೊಂಡು, "ಬಂಗಾರದಂಥಾ ಮಾತು! ಎಷ್ಟು ಗುಂಡು ಅನ್ನೂದಲ್ಲ, ಎಷ್ಟೆಷ್ಟು ಎತ್ತರ ಅನ್ನೂದು! ಪರೀಕ್ಷಾದಾಗ ಇದನ್ನ ಬರಿ, ನಂಬರ್ ನಾ ಕೊಡ್ತೀನಿ," ಅಂದರು. ತಮ್ಮ ಮಾತನ್ನು ಯಾರಾದರೂ ಕೆಡವಿದರೆ ಅಷ್ಟು ಸಂತೋಷಪಡುವ ಇನ್ನೊಬ್ಬರನ್ನು ನಾನು ನೋಡಿಲ್ಲ.

ಅವರು ಕಳ್ಳಕವಟಗಿಯ ಕಡೆಯ ಒಂದು ಬೌದ್ಧ ಕುಟುಂಬದವರು. ಅವರ ತಂದೆಯ ಕಾಲಕ್ಕೆ ಮನೆಯವರೆಲ್ಲ ಬುದ್ಧನ ದಾರಿ ಹಿಡಿದಿದ್ದರು. ಊರಿನ ಲೆಕ್ಕದಲ್ಲಿ ಮಾತ್ರ ಹಳೆಯ ಕೇರಿಯವರೇ ಆಗಿ ಉಳಿದಿದ್ದರು. ಈ ವಿಷಯವನ್ನು ಅವರು ಮುಚ್ಚಿಡುತ್ತಿರಲಿಲ್ಲ, ಎತ್ತಿ ಆಡುತ್ತಲೂ ಇರಲಿಲ್ಲ. ಒಂದೇ ಸಲ ಹೇಳಿದ ನೆನಪು. ಅವರ ಊರಿನಲ್ಲಿ ಎರಡು ದೊಡ್ಡ ಮನೆತನಗಳಿಗೆ ಜಗಳ ಇದ್ದಾಗ ಎರಡೂ ಕಡೆಯವರು ಅವರ ತಂದೆಯನ್ನು ಹೆಸರು ಹಿಡಿದು, "ಬಾರಪಾ, ಕೂಡು," ಎಂದು ಕರೆಯುತ್ತಿದ್ದರಂತೆ. ಆಮೇಲೆ ಆ ಎರಡು ಮನೆಗಳ ನಡುವೆ ಮದುವೆಯಾಗಿ ಜಗಳ ಮುಗಿಯಿತು. "ಮರುದಿವಸದಿಂದ ನಮ್ಮಪ್ಪ ಮತ್ತ ನಿಂತ ಮಾತಾಡಾಕ ಸುರು ಮಾಡಿದ," ಅಂದರು ಸರ್. "ಎರಡು ಕೋಣ ಗುದ್ದಾಡಿದ್ರ ನಡುವಿನ ಗಿಡಕ್ಕ ಕೇಡು ಅಂತಾರ. ನಾ ಗಿಡದ ಕಡಿಯವ. ಕೋಣಗೋಳು ಕೂಡಿ ಮೇಯಾಕ ಬಂದ್ರ ಗಿಡ ಏನ್ ಮಾಡಬೇಕು? ಅದನ್ನ ಯಾರೂ ಕೇಳಿಲ್ಲ." ಇದನ್ನು ಕ್ಲಾಸಿನಲ್ಲಿ ಹೇಳಿದರೋ ಹೊರಗೋ ಎಂಬುದು ಮರೆತಿದೆ. ಹೇಳುವಾಗ ನಗುತ್ತಿದ್ದರು ಎಂಬುದು ಮಾತ್ರ ಖಚಿತ.

ಈಗ ಬಸ್ಸಿನ ವಿಷಯಕ್ಕೆ ಬರುತ್ತೇನೆ. ಅವರನ್ನು ನಾನು ನಿಜವಾಗಿ ತಿಳಿದದ್ದು ಅಲ್ಲಿ.

ನಮ್ಮದು ಬಬಲೇಶ್ವರ ದಾಟಿ ಮಮದಾಪುರದ ಕಡೆಗೆ ಹೋಗುವಾಗ ಒಳಗೆ ಸಿಗುವ ಚಿಕ್ಕ ಊರು. ಆಡು ಕುರಿ, ಒಂದಿಷ್ಟು ಜೋಳದ ಹೊಲ. ನಮ್ಮೂರಿನ ಎರಡೂ ಮಗ್ಗುಲಿಗೆ ಎರಡು ದೊಡ್ಡ ಊರುಗಳು. ಅವುಗಳ ಹೆಸರು ಬರೆಯುವುದಿಲ್ಲ. ಈಗ ಎರಡೂ ಊರವರು ನಮಗೆ ಬೀಗರು. ಮೇಲಿನೂರು, ಕೆಳಗಿನೂರು ಅನ್ನೋಣ. ಎರಡಕ್ಕೂ ಒಂದೊಂದು ವಸ್ತಿ ಬಸ್ಸು ಇತ್ತು. ಸಂಜೆ ವಿಜಾಪುರದಿಂದ ಬಂದು ರಾತ್ರಿ ಅಲ್ಲಿಯೇ ನಿಂತು, ನಸುಕಿನಲ್ಲಿ ಮತ್ತೆ ಹೊರಡುವ ಬಸ್ಸು. ಮೇಲಿನೂರಿನದು ಬೆಳಿಗ್ಗೆ ನಮ್ಮೂರಿನ ಮೇಲೆ ಹಾಯ್ದು ಹೋಗುತ್ತಿತ್ತು. ನಾನು ಕಾಲೇಜಿಗೆ ಹೋಗುತ್ತಿದ್ದದ್ದು ಅದರಲ್ಲಿ. ಅಪ್ಪನ ಕರಾರು ಸ್ಪಷ್ಟವಿತ್ತು: "ಬಸ್ಸು ಊರಿಗೆ ಬರೂತನಕ ಕಾಲೇಜು. ಕತ್ತಲದಾಗ ಹುಡುಗಿ ಹೊಲಾ ದಾಟಿ ಹೋಗೂದು ಆಗೂದಿಲ್ಲ."

ಅರಬ್ ದೇಶಗಳು ಎಣ್ಣೆಯ ಬೆಲೆ ಏರಿಸಿದ ಚಳಿಗಾಲ ಅದು. ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಡೀಸೆಲ್ ತುಟ್ಟಿಯಾಯಿತು, ಇನ್ನು ಮುಂದೆ ಆ ಕಡೆಗೆ ಒಂದೇ ವಸ್ತಿ ಬಸ್ಸು ಎಂದು ಡಿಪೋದವರು ಹೇಳಿದರು. ಮೇಲಿನೂರಿಗೋ ಕೆಳಗಿನೂರಿಗೋ ಎಂಬುದು ಸುತ್ತಲಿನ ಊರವರ ಒಪ್ಪಿಗೆ ಯಾವ ಕಡೆ ಹೆಚ್ಚು ಅನ್ನುವುದರ ಮೇಲೆ ಇತ್ತು, ಇನ್ನೂ ತೀರ್ಮಾನವಾಗಿರಲಿಲ್ಲ. ಕೆಳಗಿನೂರಿಗೆ ಹೋದರೆ ನಮ್ಮೂರಿಗೆ ಬೆಳಗಿನ ಬಸ್ಸಿಲ್ಲ. ಅಂದರೆ ನನ್ನ ಕಾಲೇಜು ಅಲ್ಲಿಗೆ ಮುಗಿಯಿತು.

ಕಣ್ಣೊರೆಸಿಕೊಳ್ಳುತ್ತ ಇದನ್ನು ಸರ್‌ಗೆ ಹೇಳಿದೆ. ಅವರು ಸಮಾಧಾನ ಹೇಳಲಿಲ್ಲ. ಕೈಯಲ್ಲಿದ್ದ ಚಾಕ್‌ಪೀಸು ಬಿತ್ತು.

"ಅರಬರು ಅಲ್ಲಿ ನಲ್ಲಿ ತಿರಿವ್ಯಾರ, ಇಲ್ಲಿ ನಿಮ್ಮೂರ ಬಸ್ಸು ನಿಂತೈತಿ! ಯವ್ವಾ, ನಾ ವರ್ಷಗಟ್ಟಲೆ ಬೋರ್ಡಿನ ಮ್ಯಾಲೆ ಬರದದ್ದು ನಿಮ್ಮ ಅಂಗಳಕ್ಕ ಬಂದೈತಿ!"

"ಸರ, ನನ್ನ ಕಾಲೇಜು ಬಂದ್ ಆಕ್ಕೈತ್ರಿ."

"ಆಗೂದಿಲ್ಲ. ಕೇಳು. ನಿಮ್ಮೂರವರು ಮೇಲಿನೂರ ಕಡಿ ಅಂತ ಎಲ್ಲಾರಿಗೂ ಗೊತ್ತೈತಿ. ಹಂಗಾಗಿ ಯಾರೂ ಕೇಳವಲ್ರು. ಮೊದಲ ಕೈ ಎತ್ತಿದವಗ ಯಾರೂ ಚಾ ಕುಡಸೂದಿಲ್ಲ! ಹೂಂ ಅನಬ್ಯಾಡ್ರಿ, ಊಹೂಂ ಅನಬ್ಯಾಡ್ರಿ. ಎರಡು ದೊಡ್ಡವು ತೂಕದಾಗ ಸಮ ಇದ್ದಾಗ ಮೂರನೇದು ಹಗೂರ ಇದ್ರೂ ತಕ್ಕಡಿ ವಾಲಸತೈತಿ. ಇಬ್ಬರೂ ನಿಮ್ಮ ಮನಿಗೆ ಬರ್ಲಿ. ನಿಮ್ಮೂರ ಮ್ಯಾಲೆ ಬಸ್ಸು ಹಾಯಸ್ತೀವಿ ಅಂತ ಇಬ್ಬರ ಬಾಯಾಗಿಂದೂ ಬರ್ಲಿ."

ಸಂಜೆ ಮನೆಯಲ್ಲಿ ಹೇಳಿದೆ. ಅಪ್ಪ ಕೇಳಿದ್ದು ಒಂದೇ: "ಈ ಮಾಸ್ತರ ಯಾವ ಪೈಕಿ?" ಹೇಳಿದೆ. ಅಪ್ಪ ಎದ್ದು ಹೊರಗೆ ಹೋದ. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಊರಿಗೆ ಹಿರಿಯ. ಅವನಿಗೆ ಮಾತ್ರ ಈ ಮಾತು ಬಹಳ ಹಿಡಿಸಿತು. "ಶಾಣ್ಯಾ ಅದಾನ ಮಾಸ್ತರ. ಸುಮ್ಮ ಕುಂತ್ರ ಕೆಲಸ ಆಕ್ಕೈತಿ ಅಂದ್ರ ನನಗಿಂತ ಚಲೋ ಸುಮ್ಮ ಕೂಡಾವ ಯಾರದಾನ?"

ಆ ನಂತರದ ಕೆಲವು ವಾರಗಳನ್ನು ನಮ್ಮೂರು ಮತ್ತೆ ನೋಡಿಲ್ಲ. ಮೊದಲು ಮೇಲಿನೂರಿನ ಹಿರಿಯರು ಬಂದರು. ಸುದ್ದಿ ತಿಳಿದು ಕೆಳಗಿನೂರಿನವರು ಬಂದರು. ಬಸ್ಸು ತಮಗೆ ಬಂದರೆ ಬೆಳಿಗ್ಗೆ ನಮ್ಮೂರನ್ನು ಸುತ್ತಿಸಿಕೊಂಡೇ ಹೋಗುವಂತೆ ಮಾಡುತ್ತೇವೆ ಎಂದು ಇಬ್ಬರೂ ಹೇಳಿದರು. ಒಬ್ಬರು ಬಾಳೆಹಣ್ಣು ತಂದರೆ ಇನ್ನೊಬ್ಬರು ಪೇಡೆ ತಂದರು. ಮುತ್ಯಾ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, "ಇಷ್ಟ ವರ್ಷದಾಗ ನನ್ನ ಮೊಣಕಾಲು ನೋವು ಯಾರೂ ಕೇಳಿದ್ದಿಲ್ಲ. ಈಗ ಎರಡೂರು ಕೇಳಾಕತ್ತಾವ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ನಾನು ದಿನಾ ಕಾಲೇಜಿಗೆ ಹೋಗಿ ಸರ್‌ಗೆ ವರದಿ ಒಪ್ಪಿಸುತ್ತಿದ್ದೆ. ಅವರು ನನ್ನನ್ನು ರಾಯಭಾರಿ ಎಂದು ಕರೆಯತೊಡಗಿದರು. "ಬಾರವ್ವಾ ರಾಯಭಾರಿ, ಇವತ್ತ ಯಾವ ದೇಶದ್ದು ಪೇಡೆ?"

ಕೆಲಸ ಕೆಟ್ಟದ್ದು ಎಲೆ-ಅಡಿಕೆಯಿಂದ.

ನಮ್ಮ ಕಡೆ ಮಾತು ಮುಗಿದ ಮೇಲೆ ಎಲೆ-ಅಡಿಕೆ ಕೊಡುತ್ತಾರೆ. ತೆಗೆದುಕೊಂಡರೆ ಮಾತು ಕೊಟ್ಟಂತೆ. ಮದುವೆಯಿಂದ ಎಮ್ಮೆಯ ವ್ಯಾಪಾರದವರೆಗೆ ಇದೇ ರೀತಿ. ಮೇಲಿನೂರಿನವರು ಏಳುವಾಗ ಎಲೆ-ಅಡಿಕೆ ಚಾಚಿದರು, ಮುತ್ಯಾ ತೆಗೆದುಕೊಂಡ. ಕೆಳಗಿನೂರಿನವರೂ ಚಾಚಿದರು, ಅದನ್ನೂ ತೆಗೆದುಕೊಂಡ.

ಅಪ್ಪನಿಗೆ ತಿಳಿದಾಗ ತಲೆ ಮೇಲೆ ಕೈ ಹೊತ್ತುಕೊಂಡ. "ಯಪ್ಪಾ, ಎರಡೂ ಕಡಿಂದ ಎಲಿ ತಗೊಂಡಿ?"

"ಮತ್ತೇನ್ ಮಾಡ್ಲಿ? ಬಾಗಲಿಗೆ ಬಂದವ ಕೈ ಚಾಚಿ ಎಲಿ ಕೊಟ್ರ ಬ್ಯಾಡ ಅನ್ನಾಕ ನಾ ಏನ್ ಮನಿತನ ಇಲ್ದಾವೇನು?"

"ಇಬ್ಬರಿಗೂ ಮಾತು ಕೊಟ್ಟಂಗಾತಲ್ಲ!"

"ನಾ ಬಾಯಿಲೆ ಏನೂ ಅಂದಿಲ್ಲ. ಮಾಸ್ತರ ಹೂಂ ಅನಬ್ಯಾಡ ಅಂದಿದ್ದ. ನಾ ಅಂದಿಲ್ಲ. ಎಲಿ ತಿಂದೀನಿ, ಅಷ್ಟ."

ಬಬಲೇಶ್ವರದ ಸಂತೆಯಲ್ಲಿ ಎರಡೂ ಊರಿನ ಹಿರಿಯರು ಎದುರಾಗಿ, "ನಮ್ಮ ಎಲಿ ತಗೊಂಡಾರ," "ಏ, ನಮ್ದು ತಗೊಂಡಾರ," ಎಂದು ಕೂಗಾಡಿ, ಕೊನೆಗೆ ಸತ್ಯ ಬಯಲಾಯಿತು. ತಲೆಮಾರಿನಿಂದ ಮುಖ ನೋಡದ ಎರಡೂ ಊರವರು ಆ ದಿನ ಒಂದೇ ಅಂಗಡಿಯಲ್ಲಿ ಕೂತು ಚಹಾ ಕುಡಿದರು. ನಮ್ಮೂರಿನ ಮೇಲಿನ ಸಿಟ್ಟು ಅವರನ್ನು ಕೂಡಿಸಿತ್ತು. ಒಂದು ವಾರ ಬಸ್ಸು ಅಲ್ಲಿ, ಒಂದು ವಾರ ಇಲ್ಲಿ, ನಡುವಿನ ಊರಿಗೆ ಮಾತ್ರ ಯಾವತ್ತೂ ಹಾಯುವುದು ಬೇಡ ಎಂದು ತೀರ್ಮಾನ ಮಾಡಿದರು. ನಮ್ಮವರು ಹೋಗಿ ಅಂಗಡಿಯ ಹೊರಗೆ ನಿಂತರೆ ಒಳಗೆ ಕರೆಯಲೂ ಇಲ್ಲ. ಅಪ್ಪ ಆ ದಿನ ಮನೆಗೆ ಬಂದು ನೀರು ಕೂಡ ಕೇಳಲಿಲ್ಲ.

ಮರುದಿನ ಸರ್‌ಗೆ ಹೇಳಿದೆ. ಅವರು ಮೆಲ್ಲಗೆ, "ನಾ ಓದಿದ ಪುಸ್ತಕದಾಗ ಎಲಿ-ಅಡಿಕಿ ಇಲ್ಲ ನೋಡು," ಅಂದರು. ಚಾಕ್‌ಪೀಸು ಕೆಳಗಿಟ್ಟು, "ಐತವಾರ ನಿಮ್ಮೂರಿಗೆ ಬರ್ತೀನಿ," ಅಂದರು.

ಭಾನುವಾರ ಬಬಲೇಶ್ವರದಲ್ಲಿ ಬಸ್ಸಿಳಿದು, ಯಾರದೋ ಸೈಕಲ್ ಹಿಡಿದು, ಬಿಸಿಲಲ್ಲಿ ಬಂದರು. ಶಾಲೆಯ ವರಾಂಡದಲ್ಲಿ ಊರು ಕೂಡಿತ್ತು. ಗಂಡಸರು ಕೆಳಗೆ ಕೂತಿದ್ದರು, ಹೆಂಗಸರು ಗೋಡೆಯ ಪಕ್ಕ ನಿಂತಿದ್ದರು. ಮೊದಲು ಬೇವಿನ ಗಿಡದ ಕೆಳಗೆ ಅರಿವೆಯಲ್ಲಿ ಕಟ್ಟಿ ತಂದಿದ್ದ ಬುತ್ತಿ ಬಿಚ್ಚಿ ಉಂಡು ಬಂದರು. ಊಟಕ್ಕೆ ಕರೆಯಬೇಕೋ ಬೇಡವೋ ಎಂಬ ಪ್ರಶ್ನೆಯೇ ಏಳದಂತೆ ಅವರು ನಮ್ಮೂರಿಗೆ ಅನುಕೂಲ ಮಾಡಿಕೊಟ್ಟಿದ್ದರು ಎಂದು ನನಗೆ ಆಗ ಹೊಳೆಯಲಿಲ್ಲ.

"ನಾ ತಪ್ಪು ಹೇಳಿದ್ದೆ," ಎಂದೇ ಸುರು ಮಾಡಿದರು. "ಎರಡು ದೊಡ್ಡವು ಜಗಳಾಡಿದ್ರ ನಡುವಿನದಕ್ಕ ಬೆಲಿ ಬರತೈತಿ ಅಂದಿದ್ದೆ. ಖರೆ. ಅವು ಕೂಡಿಬಿಟ್ರ ಏನ್ ಮಾಡಬೇಕು ಅನ್ನೂದು ಹೇಳಿದ್ದಿಲ್ಲ."

"ಈಗ ಹೇಳ್ರಿ," ಅಂದ ಮುತ್ಯಾ.

"ಈಗ ನನಗೂ ಗೊತ್ತಿಲ್ರಿ!" ಇದನ್ನು ಅವರು ಹೇಳಿದ ಉಮೇದಿಗೆ ಊರವರೆಲ್ಲ ನಕ್ಕರು. ಅವರು ಆಗಲೇ ವರಾಂಡದ ಆ ತುದಿಯಿಂದ ಈ ತುದಿಗೆ ಓಡಾಡತೊಡಗಿದ್ದರು. "ಆದ್ರ ಒಂದು ಕೇಳ್ರಿ. ಅರಬರ ಕಡಿ ದೊಡ್ಡ ದಂಡಿಲ್ಲ, ದೊಡ್ಡ ಬಾಂಬಿಲ್ಲ. ಆದ್ರೂ ದೊಡ್ಡ ದೊಡ್ಡ ದೇಶಗೋಳು ಅವರ ಬಾಗಲಾಗ ನಿಂತಾವ. ಯಾಕ? ಅವರ ಕಡಿ ಇದ್ದದ್ದು ಇವರಿಗೆ ಬೇಕು. ಬಲ ಅಂದ್ರ ಚೀಲದಾಗಿನ ಜ್ವಾಳ ಅಲ್ರಿ, ತೂಗಿ ಇಷ್ಟ ಐತಿ ಅನ್ನಾಕ. ಯಾರಿಗೆ ಏನು ಬೇಕಾಗೇತಿ ಅನ್ನೂದರ ಮ್ಯಾಲೆ ಐತಿ. ಬಸ್ಸಿಗೆ ಬೇಕಾಗೂದು ನಿಮ್ಮ ಕಡಿ ಏನೈತಿ?"

"ಧೂಳೈತಿ," ಅಂದ ಒಬ್ಬ.

"ಆಡಿನ ಹಿಕ್ಕಿ ಐತಿ. ಎಂಜಿನ್ನಿಗೆ ನಡದ್ರ ಒಯ್ಲಿ," ಅಂದ ಇನ್ನೊಬ್ಬ.

ನಗು ನಿಂತ ಮೇಲೆ ಗೋಡೆಯ ಕಡೆಯಿಂದ ಅವ್ವನ ದನಿ ಬಂತು. "ಬಸ್ಸಿಗೆ ಏನ್ ಬೇಕೋ ನನಗ ತಿಳಿವಲ್ದು. ಬಸ್ಸಿನವರಿಗೆ ಮಾತ್ರ ಊಟ ಬೇಕು."

ಸರ್ ನಿಂತುಬಿಟ್ಟರು. "ಯವ್ವಾ, ಏನಂದ್ರಿ?"

ಅವ್ವ ಸೆರಗು ಸರಿಮಾಡಿಕೊಂಡು ಹೇಳಿದಳು. ಡ್ರೈವರು ಒಮ್ಮೆ ನೀರು ಕೇಳಲು ಇಳಿದಾಗ ಅವಳ ಮುಂದೆ ಅತ್ತುಕೊಂಡಿದ್ದ. ದೊಡ್ಡ ಊರಿನಲ್ಲಿ ವಸ್ತಿ ನಿಂತರೆ ಇವತ್ತು ಇವರು ಉಣಿಸ್ತಾರೆ ಅಂತ ಅವರು, ಅವರು ಉಣಿಸ್ತಾರೆ ಅಂತ ಇವರು. ಎಷ್ಟೋ ದಿನ ಡ್ರೈವರು-ಕಂಡಕ್ಟರು ಚುರಮುರಿ ತಿಂದು ಬಸ್ಸಿನೊಳಗೇ ಮಲಗಿದ್ದರು. "ದೊಡ್ಡೂರಾಗ ಎಲ್ಲಾರ ಮನಿ ಅದಾವ್ರಿ. ಇಂಥವರ ಮನಿ ಅಂತ ಒಂದಿಲ್ಲ," ಅಂದಳು. "ನಮ್ಮೂರಾಗ ಪಾಳಿ ಹಚ್ಚಿದ್ರ ದಿನಾ ಒಬ್ಬಾಕಿ ಎರಡ ರೊಟ್ಟಿ ಹೆಚ್ಚಿಗೆ ಬಡೀತಾಳ. ಅದೇನ್ ದೊಡ್ಡದ್ರಿ?"

ಸರ್ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. "ನಿಮ್ಮ ಎಣ್ಣಿ ಬಾವಿ ಸಿಕ್ತು!" ಎಂದು ಕೂಗಿದರು. ಊರವರಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಆದರೆ ಎಲ್ಲರೂ ಎದ್ದು ನಿಂತಿದ್ದರು.

ಡ್ರೈವರಿಗೆ ಸುದ್ದಿ ಮುಟ್ಟಿತು: ನಮ್ಮೂರಲ್ಲಿ ವಸ್ತಿ ನಿಂತರೆ ದಿನಕ್ಕೊಂದು ಮನೆಯ ಬಿಸಿ ಊಟ, ಶಾಲೆಯ ಕೋಣೆಯಲ್ಲಿ ಹಾಸಿಗೆ. ಅವನು ಡಿಪೋದಲ್ಲಿ ಹೇಳಿದ. ವಾರಕ್ಕೊಂದು ಊರು ಬದಲಿಸುವ ತಾಪತ್ರಯ ಡಿಪೋದವರಿಗೂ ಬೇಡವಾಗಿತ್ತು. ಉಳಿದದ್ದು ಎರಡು ದೊಡ್ಡ ಊರುಗಳ ಒಪ್ಪಿಗೆ. ಅವರು ಒಪ್ಪುವುದಿಲ್ಲ ಎಂದು ನಾವು ಅಂದುಕೊಂಡಿದ್ದೆವು. ಮೇಲಿನೂರಿನ ಹಿರಿಯ ಮುತ್ಯಾನ ಹತ್ತಿರ ಬಂದು, "ನಿಮ್ಮೂರಿಗೆ ಬಂದ್ರ ಅಡ್ಡಿಲ್ಲಪಾ. ಆ ಕಡಿ ಊರ ಮಕ್ಕಳಿಗೆ ಹೋಗಬಾರದು, ಅಷ್ಟ," ಅಂದ. ಕೆಳಗಿನೂರಿನವನೂ ಅದನ್ನೇ ಅಂದ. ಅವರ ಸ್ನೇಹ ಒಂದು ಚಹಾದಷ್ಟು ಹೊತ್ತಿನದಾಗಿತ್ತು. ಇದನ್ನು ನಾನು ಕಾಲೇಜಿನಲ್ಲಿ ಹೇಳಿದಾಗ ಸರ್ ವರಾಂಡದಲ್ಲಿ ಮಕ್ಕಳ ಹಾಗೆ ಜಿಗಿದರು ಎಂದು ನನ್ನ ನೆನಪು. ಅಷ್ಟು ಎತ್ತರದ ಮನುಷ್ಯ ನಿಜವಾಗಿ ಜಿಗಿದರೋ, ಅಥವಾ ನನ್ನ ಸಂತೋಷ ಅವರನ್ನು ಜಿಗಿಸಿದೆಯೋ, ಗೊತ್ತಿಲ್ಲ.

ನಾನು ಬಿ.ಎ. ಮುಗಿಸಿದೆ, ಧಾರವಾಡಕ್ಕೆ ಹೋಗಿ ಎಂ.ಎ. ಮಾಡಿದೆ. ಎರಡೂ ದೊಡ್ಡ ಊರುಗಳ ಜನ ನಸುಕಿನಲ್ಲಿ ಸೈಕಲ್ ಹೊಡೆದುಕೊಂಡು ನಮ್ಮೂರಿಗೆ ಬಂದು ಬಸ್ಸು ಹತ್ತುವುದನ್ನು ಮುತ್ಯಾ ಸಾಯುವವರೆಗೂ ಕಟ್ಟೆಯ ಮೇಲೆ ಕೂತು ನೋಡಿದ. ಆದರೆ ನಾನು ಹೇಳಬೇಕೆಂದು ಕೂತದ್ದು ಮೊದಲ ವಸ್ತಿಯ ಸಂಜೆಯನ್ನು.

ಆ ದಿನದ ಪಾಳಿ ನಮ್ಮ ಮನೆಯದು. "ನಿಮ್ಮ ಸರ್‌ನ್ನ ಕರ್ಕೊಂಡ ಬಾ," ಎಂದು ಮುತ್ಯಾನೇ ಹೇಳಿ ಕಳಿಸಿದ್ದ. ಅದೇ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಕೂತು, ಸರ್ ಬಂದರು. ಈ ಸಲ ಅವರ ಕೈಯಲ್ಲಿ ಬುತ್ತಿ ಇರಲಿಲ್ಲ. ಊರವರು ಬಸ್ಸಿಗೆ ಹೂವಿನ ಹಾರ ಹಾಕಿ, ಬಾನೆಟ್ಟಿಗೆ ಕುಂಕುಮ ಹಚ್ಚಿ, ಡ್ರೈವರಿಗೆ ಟವೆಲ್ ಹೊದಿಸಿ ಗದ್ದಲವೋ ಗದ್ದಲ. ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆವು. ಪಡಸಾಲೆಯಲ್ಲಿ ಡ್ರೈವರು, ಕಂಡಕ್ಟರು ಕೂತರು. ಸರ್ ಚಪ್ಪಲಿ ಬಿಡುತ್ತಿದ್ದಾಗ ಅಪ್ಪ ಒಂದು ತಾಟನ್ನು ತಂದು ಹೊರಗೆ ಕಟ್ಟೆಯ ಮೇಲಿಟ್ಟ. ಇಡುವ ರೀತಿಯಲ್ಲಿ ಒರಟುತನ ಇರಲಿಲ್ಲ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು, ಶೇಂಗಾ ಹಿಂಡಿ, ಎಲ್ಲ ಒಳಗಿನವರಿಗೆ ಬಡಿಸಿದ್ದೇ.

ಸರ್ ತಾಟನ್ನು ನೋಡಿದರು. ಎತ್ತಿ ಕೈಯಲ್ಲಿ ಹಿಡಿದರು.

"ಯಜಮಾನ್ರ, ಒಂದು ಪ್ರಶ್ನೆ ಕೇಳ್ಲೇನ್ರಿ?" ಅಂದರು. ಕ್ಲಾಸಿನಲ್ಲಿ ಕೇಳುವ ದನಿಯೇ. "ಸಂತಿ ದಿವಸ ಆ ಎರಡೂರವರು ಅಂಗಡಿ ಒಳಗ ಕುಂತಾಗ ನೀವು ಹೊರಗ ನಿಂತಿದ್ರಿ. ಹೆಂಗ ಅನಿಸ್ತ್ರಿ?"

ಅಪ್ಪ ನೆಲ ನೋಡುತ್ತ ಒಳಗೆ ಹೋದ.

ಮೊದಲು ಎದ್ದದ್ದು ಡ್ರೈವರು. ಬಾಯಲ್ಲಿ ತುತ್ತಿತ್ತು. ತನ್ನ ತಾಟು ಹಿಡಿದು ಹೊರಗೆ ಬಂದು, "ಒಳಗ ಭಾಳ ಸೆಕಿ ಐತ್ರಿ," ಎಂದು ಚಳಿಗಾಲದ ಆ ಸಂಜೆ ಕಟ್ಟೆಯ ಮೇಲೆ ಸರ್ ಪಕ್ಕ ಕೂತ. ಕಂಡಕ್ಟರೂ ಬಂದ. ಪಡಸಾಲೆಯಲ್ಲಿ ಉಳಿದದ್ದು ಕಂದೀಲು ಮತ್ತು ಅಪ್ಪ.

"ಲೇ," ಅಂದ ಮುತ್ಯಾ ಕಟ್ಟೆಯಿಂದಲೇ. "ಇಡೀ ಊರು ಕೂಡಿ ಬಸ್ಸು ತಂದೀವಿ. ಒಳಗ ನೋಡಿದ್ರ ಬರೇ ನೀ ಒಬ್ಬನ ಅದಿ."

ಯಾರೂ ನಗಲಿಲ್ಲ. ನಾಳೆಯಿಂದ ಈ ಬಸ್ಸು ಇಲ್ಲಿ ನಿಲ್ಲುತ್ತದೆಯೋ ಇಲ್ಲವೋ ಎಂಬುದೇ ನನ್ನ ಚಿಂತೆಯಾಗಿತ್ತು. ಒಲೆಯ ಮುಂದಿನಿಂದ ಅವ್ವ ಎದ್ದು ಬಂದು ಹೊಸಿಲ ಹತ್ತಿರ ನಿಂತಳು. "ರೊಟ್ಟಿ ಆರಾಕತ್ತಾವ. ಎಲ್ಲಾರೂ ಒಳಗ ಬರ್ರಿ. ಸರ, ಮೊದಲ ನೀವು ಬರ್ರಿ," ಅಂದಳು. ಬಾಗಿಲಲ್ಲಿ ಅಪ್ಪ ನಿಂತಿದ್ದ. ಬನ್ನಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಪಕ್ಕಕ್ಕೆ ಸರಿದ.

ನಮ್ಮ ಬಾಗಿಲು ಗಿಡ್ಡ. ಸರ್ ತಲೆ ಬಗ್ಗಿಸಿ ಒಳಗೆ ಬಂದು, ಗೋಡೆಗೆ ಬೆನ್ನು ಕೊಟ್ಟು ಕೂತು, ಒಂದು ತುತ್ತು ಬಾಯಿಗಿಟ್ಟರು. ಇಟ್ಟದ್ದೇ ತಡ, ಕಣ್ಣು ಅಗಲವಾದವು.

"ಅರಬರು ಎಣ್ಣಿ ತುಟ್ಟಿ ಮಾಡಿದ್ರು," ಅಂದರು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು, "ಅದಕ್ಕ ನಾ ಈ ಮನಿ ಒಳಗ ಕುಂತು ಉಣ್ಣಾಕತ್ತೀನಿ! ಇದನ್ನ ಯಾವ ಪುಸ್ತಕದಾಗ ಬರದಾರ? ಹೇಳ್ರಿ, ಯಾವ ಪುಸ್ತಕದಾಗ?"

"ಉಣ್ರಿ ಮೊದಲ," ಅಂದಳು ಅವ್ವ.

ಆಮೇಲೆ ಅಪ್ಪನೂ ತನ್ನ ತಾಟು ತಂದು ಸರ್ ಪಕ್ಕ ಕೂತ ಎಂದು ಮೊನ್ನೆ ಫೋನಿನಲ್ಲಿ ಗೆಳತಿ ಬಹಳ ಖಚಿತವಾಗಿ ಹೇಳಿದಳು. ಅವಳು ಆ ಸಂಜೆ ಅಲ್ಲಿರಲೇ ಇಲ್ಲ. ಅವಳಿಗೆ ಹೇಳಿದ್ದು ನಾನೇ ಇರಬೇಕು. ಕಂಡದ್ದನ್ನು ಹೇಳಿದೆನೋ, ಹಾಗಾಗಿದ್ದರೆ ಚೆನ್ನಾಗಿತ್ತು ಅಂದುಕೊಂಡು ಹೇಳಿದೆನೋ, ಈಗ ಕೇಳಲು ಅಪ್ಪನೂ ಇಲ್ಲ, ಅವ್ವನೂ ಇಲ್ಲ, ಸರ್ ಕೂಡ ಇಲ್ಲ. ಆ ದಿನದ ಪುಟದಲ್ಲಿ ನನ್ನ ಅಕ್ಷರದಲ್ಲಿ ಇರುವುದು ಇಷ್ಟು: "ಸರ್ ನಮ್ಮ ಮನೆಯಲ್ಲಿ ಉಂಡರು. ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು."